ಬೀದಿಯೊಳಗೆ ಬಂದ ಕೆರೆ

ಇದನ್ನು ಬರೆಯಲು ಕೂತು ಎಷ್ಟು ಸಲ ಎದ್ದು ಹೋಗಿದ್ದೇನೋ! ಇವತ್ತು ಕಾಫಿ ಆರಿದರೂ ಏಳುವುದಿಲ್ಲ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಭೂಮಿ ಗುಂಡಗಿರುವುದನ್ನು ತಮ್ಮ ಸ್ವಂತ ಕಷ್ಟವೆಂದೇ ತಿಳಿದಿದ್ದರು. ನಂಬುತ್ತೀರಾ?

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಕೋಲಾರದ ಅವರ ಮನೆಯ ಮುಂದಿನ ಕೋಣೆಯಲ್ಲಿ ಉಪಗ್ರಹ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಳೆಯ ನಕ್ಷೆಗಳ ಜೊತೆ ಕೂರಿಸುವ ಕೆಲಸ. ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಅವರಿಗೆ ಸಹಾಯಕ. ಶ್ರೀನಿವಾಸಪುರದ ಮಾವು ಬಂತೆಂದರೆ ಪಾಠ ಶುರು! ಸಿಪ್ಪೆಯನ್ನು ಒಂದೇ ತುಂಡಾಗಿ ಸುಲಿದು ಮೇಜಿಗೆ ಒತ್ತುವರು.

"ನೋಡ್ಲಾ, ಗುಂಡಗಿರೋದನ್ನ ಚಪ್ಪಟೆ ಮಾಡಿದ್ರೆ ಎಲ್ಲೋ ಎಳೀತದೆ, ಎಲ್ಲೋ ಹರೀತದೆ. ನಕ್ಷೆಗೊಂದು ಲೆಕ್ಕ, ಚಿತ್ರಕ್ಕೊಂದು ಲೆಕ್ಕ. ಅದೇ ಪ್ರೊಜೆಕ್ಷನ್ನು!"

"ಹರಿದಿದ್ದು ಸಾಕು, ಮೇಜು ಒರೆಸಿ," ಎಂದು ಒಳಗಿಂದ ಅಕ್ಕ.

ಎರಡೂ ಹೊಂದಬೇಕಾದರೆ ಚಿತ್ರದ ಒಂದೊಂದು ಚುಕ್ಕಿಯನ್ನೂ ನಕ್ಷೆಯ ಲೆಕ್ಕಕ್ಕೆ ಸರಿಸಬೇಕು. ಕಂಪ್ಯೂಟರ್ ಗಂಟೆಗಟ್ಟಲೆ ಏದುಸಿರು ಬಿಡುತ್ತಿತ್ತು. ಕರೆಂಟು ಹೋದರೆ ಮತ್ತೆ ಮೊದಲಿಂದ. ಸುಲಭದ ಕಳ್ಳದಾರಿಯೊಂದಿತ್ತು. ಚಿತ್ರದ ಜೊತೆ ಕಂಪ್ಯೂಟರಿನಲ್ಲಿ ಬರೆದಿಟ್ಟ ಪ್ರೊಜೆಕ್ಷನ್ನಿನ ಹೆಸರನ್ನಷ್ಟೇ ಬದಲಿಸುವುದು. ಕ್ಷಣದ ಕೆಲಸ, ಆದರೆ ಒಂದು ಚುಕ್ಕಿಯೂ ಕದಲದು. ಭಾವನಿಗೆ ಅದೇ ದಿಗಿಲು. "ಡಬ್ಬಿ ಮೇಲೆ ಸಕ್ಕರೆ ಅಂತ ಬರೆದ್ರೆ ಒಳಗಿನ ಉಪ್ಪು ಸಿಹಿಯಾಗ್ತದೇನೋ?"

ಮದುವೆ ಊಟದ ನಡುವೆಯೂ ನನ್ನ ಕಿವಿಯಲ್ಲಿ ಭಾವನದು ಅದೇ ಪ್ರಶ್ನೆ: "ಚಿತ್ರ ಸರಿಯಾಗಿ ಬದಲಾಯಿಸಿದ್ಯಾ? ಬರೀ ಹೆಸರು ಬದಲಾಯಿಸಿಲ್ಲ ತಾನೇ?" ಪಕ್ಕದ ಎಲೆಯವರು ಹೆಣ್ಣಿನ ಫೋಟೋ ಅದಲುಬದಲಾಯಿತೇನೋ ಎಂದು ಹೋಳಿಗೆ ಕೆಳಗಿಟ್ಟರು!

ದೇವರಾಯಸಮುದ್ರದ ಕೆರೆಯ ಎಲ್ಲೆ ಗುರುತಿಸುವ ಕೆಲಸ ಬಂತು. ಊರಿನವರಿಗೆ ನಕ್ಷೆ ತೋರಿಸಬೇಕಾದ ಹಿಂದಿನ ಸಂಜೆ ಎರಡು ಸಲ ಕರೆಂಟು ಹೋಯಿತು. ನನಗೆ ಮನೆ ಸೇರುವ ಆತುರ. ಹೆಸರು ಬದಲಿಸಿ, "ಆಯ್ತು ಭಾವ" ಅಂದುಬಿಟ್ಟೆ. ಅವರು ನಂಬಿದರು. ಜನ್ಮದಲ್ಲಿ ಆ ಒಂದು ಸಲ ಮರುಪರೀಕ್ಷೆ ಮಾಡಲಿಲ್ಲ!

ಬೆಳಿಗ್ಗೆ ಕೆರೆ ಏರಿಯ ಮೇಲೆ ಹಾಳೆ ಬಿಚ್ಚಿದರೆ, ಕೆರೆಯ ಗೆರೆ ಊರ ಬೀದಿಯೊಳಗೆ!

"ಸಾರ್, ಇನ್ಮೇಲೆ ನಮ್ಮ ಅಡಿಗೆಮನೇಲೇ ಮೀನು ಹಿಡೀಬೋದಾ?" ಎಂದ ಗುಂಪಿನಲ್ಲೊಬ್ಬ. ಊರೆಲ್ಲ ನಕ್ಕಿತು. ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. "ಅಯ್ಯೋ ನಾಯನಾ, ನಮ್ಮನೆ ಕೆಡವ್ತಾರಾ?"

ಭಾವ ನನ್ನತ್ತ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ನಂದೇ ತಪ್ಪಮ್ಮಾ. ನಿಮ್ಮನೆ ಇದ್ದಲ್ಲೇ ಐತೆ," ಎಂದು ಅವರು ಹಾಳೆಯನ್ನು ಹರಿದು ಹಾಕಿದರು.

ಆ ಕೆಲಸ ಬೇರೆಯವರ ಪಾಲಾಯಿತು. ಆಮೇಲೆ ಯಾವ ಊರಿನವರೂ ಕೆರೆಯ ನಕ್ಷೆಗೆ ಅವರನ್ನು ಕರೆಯಲಿಲ್ಲ. ಭಾವ ನನ್ನನ್ನು ಬೈಯಲೂ ಇಲ್ಲ. "ಬದಲಾಯಿಸಿದ್ಯಾ?" ಎಂದು ಕೇಳುವುದನ್ನೇ ಬಿಟ್ಟರು. ಆ ಪ್ರಶ್ನೆಗಾಗಿ ನಾನು ಎಷ್ಟು ಹಂಬಲಿಸಿದೆ ಗೊತ್ತೇ?

ಅವರು ಹಾಸಿಗೆ ಹಿಡಿದ ವರ್ಷ ಮಾವು ತೆಗೆದುಕೊಂಡು ಹೋದೆ.

"ಆ ಅಜ್ಜಿ ಮನೆ ಇದ್ದಲ್ಲೇ ಐತೇನ್ಲಾ?"

"ಐತೆ."

ಭಾವ ಸುಲಿದ ಸಿಪ್ಪೆ ಒಂದೇ ತುಂಡಾಗಿ ಬಂತು. ಅವರು ಅದನ್ನು ಒತ್ತಲಿಲ್ಲ. ಮೆಲ್ಲಗೆ ಹಣ್ಣಿನಂತೆ ಮತ್ತೆ ಗುಂಡಗೆ ಸುತ್ತಿ ನನ್ನ ಅಂಗೈಯಲ್ಲಿಟ್ಟರು.

ಅವತ್ತು ಬರೀ ಹೆಸರು ಬದಲಿಸಿದ್ದೆ ಎಂದು ಹೇಳಲು ಬಾಯಿ ತೆರೆದೆ. "ಭಾವ..." ಅಂದೆ. ಅಷ್ಟೇ ಅಂದೆ.