ನಮ್ಮಮ್ಮನ ತವರಿನ ತವರದಲ್ಲಿ ಸೀಸ ಕಂಡ ಮಹಾಶಯರಿಗೆ

ಮೈಸೂರು
೧೭ ಆಗಸ್ಟ್ ೨೦೦೬

ಗೆ,
ಶ್ರೀಮಾನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅವರು,
ಮೇಲ್ಮೈ ಪರೀಕ್ಷಾ ಕೊಠಡಿ,
ನಮ್ಮ ಕಾಲೇಜಿನ ನೆಲಮಹಡಿ.

ಮಾನ್ಯರೇ,

ಕೂದಲೆಳೆಯನ್ನು ದೀಪದ ಕಂಬದಷ್ಟು ದಪ್ಪಗೆ ತೋರಿಸಬಲ್ಲ ತಮ್ಮ ಸನ್ನಿಧಿಗೆ, ತಮ್ಮನ್ನು ದಿನವೂ ಬೆಳಿಗ್ಗೆ ಒಂಬತ್ತೂವರೆಗೆ ಎಬ್ಬಿಸಿ ಸಂಜೆ ಐದಕ್ಕೆ ಮಲಗಿಸುವ ತಾಂತ್ರಿಕ ಸಹಾಯಕಿ ಕುಸುಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರೀ ಅಲಂಕಾರಕ್ಕಲ್ಲ. ತಮ್ಮ ಪಂಪಿನಿಂದ ಎಣ್ಣೆ ಸೋರಿದಾಗಲೆಲ್ಲ ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಯೇ ಅದನ್ನು ನೋಡಬೇಕಾಗುತ್ತದೆ. ಇಬ್ಬರೂ ಒಂದೇ ಕೊಠಡಿಯಲ್ಲಿರುವಾಗ ಪತ್ರ ಬರೆಯುವುದೇಕೆ ಎಂದು ತಾವು ಕೇಳಬಹುದು. ಬಾಯಲ್ಲಿ ಹೇಳಿನೋಡಿದೆ, ತಾವು ಪರದೆಯ ಮೇಲೆ ‘ದಯವಿಟ್ಟು ಕಾಯಿರಿ’ ಎಂದು ತೋರಿಸಿದಿರಿ. ಎರಡು ತಿಂಗಳು ಕಾದೆ. ಇನ್ನು ತಡೆಯಲಾರದೆ ಇದನ್ನು ಬಹಿರಂಗವಾಗಿ ಬರೆದು ಹೊರಗಿನ ಸೂಚನಾಫಲಕಕ್ಕೆ ಅಂಟಿಸುತ್ತಿದ್ದೇನೆ.

ತಮ್ಮ ಸೇವೆಯಲ್ಲಿ ನನ್ನಿಂದ ಲೋಪವಾಗಿದೆ ಎಂದು ಯಾರೂ ಹೇಳುವಂತಿಲ್ಲ. ವಿದ್ಯುತ್ ಹರಿಯದ ಯಾವ ವಸ್ತುವನ್ನೇ ಆಗಲಿ ತಮ್ಮ ಮುಂದೆ ಕೂರಿಸಬೇಕಾದರೆ ಮೊದಲು ಅದಕ್ಕೆ ಚಿನ್ನದ ತೆಳು ಲೇಪ ಕೊಡಬೇಕು. ನಮ್ಮ ಕುಂಬಾರಕೊಪ್ಪಲಿಗೆ ಹೆಣ್ಣು ನೋಡಲು ಬರುವ ಗಂಡಿನ ಕಡೆಯವರೂ ಇಷ್ಟು ಬಾಯಿಬಿಟ್ಟು ಚಿನ್ನ ಕೇಳುವುದಿಲ್ಲ, ಆದರೂ ಕೊಟ್ಟಿದ್ದೇನೆ. ಯಾವ ವಸ್ತುವಿನಲ್ಲಿ ಯಾವ ಧಾತು ಇದೆ ಎಂದು ಎಕ್ಸ್‌ರೇ ನೋಡಿ ಹೇಳುವ ತಮ್ಮ ಪಕ್ಕದ ಸಲಕರಣೆ ಸದಾ ತಣ್ಣಗಿರಬೇಕು, ಅದಕ್ಕೆ ದ್ರವ ಸಾರಜನಕ ಬೇಕು, ಮತ್ತು ಈ ಊರಿನಲ್ಲಿ ಅದು ಸಲೀಸಾಗಿ ಸಿಗುವುದು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವ ಕೇಂದ್ರದಲ್ಲಿ. ಪ್ರತಿ ಮಂಗಳವಾರ ನಾನು ಕ್ಯಾನು ಹಿಡಿದು ಅಲ್ಲಿ ಸಾಲಿನಲ್ಲಿ ನಿಂತು, “ನಿಮ್ಮ ಹಸು ಬೆದೆಗೆ ಬಂದು ಎಷ್ಟು ಹೊತ್ತಾಯ್ತಮ್ಮ?” ಎಂಬ ಪ್ರಶ್ನೆಗೆ ನಾಲ್ಕು ಜನರ ಮುಂದೆ ಉತ್ತರ ಕೊಟ್ಟಿದ್ದೇನೆ. ಇಷ್ಟೆಲ್ಲ ಮಾಡಿದವಳಿಗೆ ತಾವು ಮಾಡಿದ್ದೇನು ಎಂಬುದನ್ನು ಇನ್ನು ನಿವೇದಿಸಿಕೊಳ್ಳುತ್ತೇನೆ.

ಮಂಟೇಸ್ವಾಮಿ ಎಂಬುವರು ನನ್ನ ಸೋದರಮಾವ. ದೇವರಾಜ ಮೊಹಲ್ಲಾದ ಒಂದು ಓಣಿಯಲ್ಲಿ ತಿದಿ ಇಟ್ಟುಕೊಂಡು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅದು ಕರಗಿದ ಗಳಿಗೆಯಲ್ಲೇ ಅರಳೆಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಿಯಂತೆ ಹರಡಿಕೊಳ್ಳುತ್ತದೆ. ನನ್ನ ತಂದೆ ತೀರಿಕೊಂಡ ಮೇಲೆ ನನ್ನನ್ನು ಬಿ.ಎಸ್ಸಿ.ವರೆಗೆ ಓದಿಸಿದ್ದು ಆ ಹೊಗೆಯೇ. ಲಕ್ಷ್ಮೀಪುರಂನಲ್ಲಿ ಒಂದು ಮಠದವರು ನಡೆಸುವ ಹೆಣ್ಣುಮಕ್ಕಳ ಉಚಿತ ವಿದ್ಯಾರ್ಥಿನಿಲಯವಿದೆ. ಅಲ್ಲಿಯ ಅಡುಗೆಮನೆಯ ಇಪ್ಪತ್ತಮೂರು ಪಾತ್ರೆಗಳಿಗೆ ಇಪ್ಪತ್ತೇಳು ವರ್ಷದಿಂದ ಕಲಾಯಿ ಹಾಕುತ್ತಿದ್ದವರು ನಮ್ಮ ಮಾವ. ಆ ಕೆಲಸವೇ ಅವರ ಅನ್ನ, ಅದಕ್ಕಿಂತ ಹೆಚ್ಚಾಗಿ ಅವರ ಜಂಬ.

ಈ ವರ್ಷ ಜೂನ್ ತಿಂಗಳಲ್ಲಿ ಆ ಅಡುಗೆಮನೆಗೆ ನಾಗಾರ್ಜುನ ಎಂಬ ಮಾರಾಟಗಾರರು ಬಂದರು. ಟೈ ಕಟ್ಟಿದ್ದರು. ಅವರ ಕೈಯಲ್ಲಿದ್ದ ಡಬ್ಬಿಯಲ್ಲಿ ‘ನ್ಯಾನೊ ಬೆಳ್ಳಿ ಲೇಪನ’ ಇತ್ತು. ಒಮ್ಮೆ ಬಳಿದರೆ ಹತ್ತು ವರ್ಷ ಕಲಾಯಿಯ ಮಾತೇ ಬೇಡ, ಅದರಲ್ಲಿರುವ ಬೆಳ್ಳಿಯ ಕಣಗಳು ಎಷ್ಟು ಸಣ್ಣವೆಂದರೆ ರೋಗಾಣುಗಳಿಗೇ ಕಾಣಿಸುವುದಿಲ್ಲ ಎಂದರಂತೆ. ವಿದ್ಯಾರ್ಥಿನಿಲಯದ ಮೇಲ್ವಿಚಾರಕಿ ಗಿರಿಜಾಂಬಾ ಅವರು ಇಂಗು ಕೊಂಡರೂ ಮೂಸಿ ನೋಡಿ ಕೊಳ್ಳುವ ಹೆಂಗಸು. ಒಂದು ತಟ್ಟೆಗೆ ಆ ಲೇಪ ಬಳಿಸಿ, ಅದರಿಂದೊಂದು ಚೂರು, ಮಾವ ಕಲಾಯಿ ಹಾಕಿದ್ದ ಒಂದು ಒಡಕು ತಪ್ಪಲೆಯಿಂದೊಂದು ಚೂರು ಕತ್ತರಿಸಿ, ಎರಡನ್ನೂ ನಮ್ಮ ವಿಭಾಗದ ಮುಖ್ಯಸ್ಥರಿಗೆ ಕಳಿಸಿಕೊಟ್ಟರು. ಯಾವುದರ ಮೇಲ್ಮೈ ನಯವಾಗಿದೆ, ಮತ್ತು ಆ ನ್ಯಾನೊ ನಿಜವಾಗಿ ನ್ಯಾನೊ ಹೌದೇ, ಇಷ್ಟೇ ಅವರು ಕೇಳಿದ್ದು.

ಒಂದು ಚೂರು ನನ್ನ ಮಾವನದು ಎಂದು ನಾನು ಮುಖ್ಯಸ್ಥರಿಗೆ ಮೊದಲೇ ಹೇಳಿದೆ. ಅವರು ನಕ್ಕು, “ಯಂತ್ರಕ್ಕೆ ಮಾವ ಇದ್ದಾರೇನಮ್ಮ? ಮಾಡಿ” ಎಂದರು. ಆ ಮಾತು ಆಗ ನನಗೆ ತಮಾಷೆಯಾಗಿ ಕೇಳಿಸಿತು.

ನ್ಯಾನೊ ಲೇಪದ ಮೊದಲನೆಯ ಚೂರಿನ ವಿಷಯದಲ್ಲಿ ತಾವು ತೋರಿದ ನಿಷ್ಠುರತೆಯನ್ನು ನಾನು ಹೊಗಳದಿದ್ದರೆ ಕೃತಘ್ನಳಾಗುತ್ತೇನೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಅಂಥ ನೂರರ ಒಳಗಿದ್ದರೆ ಆ ಕಣವನ್ನು ನ್ಯಾನೊ ಎಂಬ ವರ್ಗಕ್ಕೆ ಸೇರಿಸುತ್ತೇವೆ, ಮೇಲಾದರೆ ಅದು ಬರೀ ಪುಡಿ. ತಾವು ತೋರಿಸಿದ ಇನ್ನೂರು ಕಣಗಳನ್ನು ನಾನು ಒಂದೊಂದಾಗಿ ಅಳೆದೆ. ಅತಿ ಸಣ್ಣದು ನೂರ ನಲವತ್ತಿತ್ತು. ಸರಾಸರಿ ಆರುನೂರು. ಹಾಳಾಗಲಿ, ಬೆಳ್ಳಿಯಾದರೂ ಇದೆಯೇ ಎಂದು ನೋಡಿದರೆ ತಾವು ಅಲ್ಯುಮಿನಿಯಂ ಎಂದಿರಿ. ಫಲಿತಾಂಶ ನೋಡಲೆಂದು ಬಂದು ಎದುರಿಗೇ ಕೂತಿದ್ದ ನಾಗಾರ್ಜುನ ಅವರು ಪರದೆಯನ್ನು ತುಂಬ ಹೊತ್ತು ನೋಡಿ, ವಿನಯದಿಂದ, “ಮೇಡಂ, ಸ್ವಲ್ಪ ದೂರದಿಂದ ನೋಡಿದರೆ ನ್ಯಾನೊ ಆಗಲ್ವಾ?” ಎಂದು ಕೇಳಿದರು. ತಮ್ಮ ಜೊತೆ ನಾಲ್ಕು ವರ್ಷ ಕಳೆದ ನನಗೂ ಹೊಳೆಯದ ವಿಧಾನ ಅದು.

ಆಮೇಲೆ ಮಾವನ ಚೂರು. ಮೇಲ್ಮೈ ಎಷ್ಟು ಚೆನ್ನಾಗಿತ್ತೆಂದರೆ, ಅರಳೆ ಎಳೆದ ಗುರುತು ಕೂಡ ಒಂದೇ ದಿಕ್ಕಿಗೆ, ಬಾಚಿದ ತಲೆಯ ಹಾಗೆ. ನನ್ನ ಎದೆ ಉಬ್ಬಿತು. ಕೆಲಸ ಅಲ್ಲಿಗೆ ಮುಗಿದಿತ್ತು ಮಹಾಶಯರೇ, ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತ್ತು. ಆದರೆ ಜಂಬ ನಮ್ಮ ಮನೆತನದ್ದೇ ತಾನೇ. ಇದರಲ್ಲಿರುವುದು ಅಪ್ಪಟ ತವರ ಎಂದು ವರದಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದುಬಿಡೋಣ ಎಂಬ ಆಸೆಯಿಂದ, ಯಾರೂ ಕೇಳದಿದ್ದರೂ, ತಮ್ಮ ಪಕ್ಕದ ಸಲಕರಣೆಯ ಗುಂಡಿ ಒತ್ತಿದೆ. ತಾವು ಪರದೆಯ ಮೇಲೆ ಒಂದು ಗೆರೆ ಎಬ್ಬಿಸಿ ತವರ ಎಂದಿರಿ. ಅದರ ಮಗ್ಗುಲಲ್ಲೇ ಇನ್ನೊಂದು ಗೆರೆ ಎಬ್ಬಿಸಿ ಸೀಸ ಎಂದಿರಿ. ಬೇರೆ ಜಾಗ ತೋರಿಸಿದೆ, ಸೀಸ. ಚೂರನ್ನು ತೊಳೆದು, ತಿರುಗಿಸಿ, ಬೇರೆ ಮೂಲೆ ತೋರಿಸಿದೆ. ನೂರಕ್ಕೆ ಹದಿನೆಂಟು ಪಾಲು ಸೀಸ. ತಮಗೆ ಒಂದಿಷ್ಟು ಲೋಕಜ್ಞಾನ ಇದ್ದಿದ್ದರೆ ಆ ಗಳಿಗೆಯಲ್ಲಿ ಕೆಟ್ಟುಹೋಗಬಹುದಿತ್ತು. ಪ್ರಾಚಾರ್ಯರು ಅತಿಥಿಗಳನ್ನು ಕರೆತಂದ ದಿನವೆಲ್ಲ ತಪ್ಪದೆ ಕೆಡುವ ತಾವು, ಅಂದು ಹೊಸ ಗಡಿಯಾರದ ಹಾಗೆ ನಡೆದಿರಿ.

ಆ ಸಾಲನ್ನು ನಾನು ಬರೆಯದೆ ಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿದೆ, ಹುಣಸೆಹುಳಿ ಹಾಕಿದ ಸಾರಿನ ವಾಸನೆ ಬಂತು, ಮುಚ್ಚಿಟ್ಟೆ. ಹುಳಿ ಬಿದ್ದರೆ ಪಾತ್ರೆ ಸೀಸದ ವಿಷ ಬಿಟ್ಟುಕೊಳ್ಳುತ್ತದೆ ಎಂದು ನನಗೆ ಓದಿಸಿದ್ದೂ ಆ ಹೊಗೆಯ ದುಡಿಮೆಯೇ. ನೂರ ಹತ್ತು ಹೆಣ್ಣುಮಕ್ಕಳು ಆ ಪಾತ್ರೆಗಳಲ್ಲಿ ದಿನವೂ ಹುಳಿ ತಿನ್ನುತ್ತಿದ್ದರು. ವರದಿ ಬರೆದು, ನಾನೇ ಹೋಗಿ ಗಿರಿಜಾಂಬಾ ಅವರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, “ಮಂಟೇಸ್ವಾಮಿಯವರು ಬೇಕಂತ ಮಾಡೋರಲ್ಲ ಕಣಮ್ಮ” ಎಂದರು. ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮೇಲಿದ್ದ ಅಷ್ಟೂ ಸಾರನ್ನು ಚೆಲ್ಲಿಸಿದರು.

ಅಲ್ಲಿಂದ ಓಣಿಗೆ ಹೋದೆ. ಮಾವ ತಿದಿಯ ಮುಂದೆ ಕೂತಿದ್ದರು, ಅವರ ಹೆಂಡತಿ ಬೆಟ್ಟಮ್ಮ ಪಕ್ಕದಲ್ಲಿ ಇದ್ದಿಲು ಒಡೆಯುತ್ತಿದ್ದರು. ಹೇಳಿದೆ. ಮೂರು ಸಲ ಹೇಳಬೇಕಾಯಿತು, ಪ್ರತಿ ಸಲವೂ ಗಟ್ಟಿಯಾಗಿ. ಓಣಿಯ ಅರ್ಧ ಜನ ಕೇಳಿಸಿಕೊಂಡರು. ಮಾವನ ಮುಖ ಕೆಂಡವಾಯಿತು.

“ಸೀಸನಾ? ನನ್ ಕಲಾಯಿ ಒಳ್ಗಾ? ಎಲ್ಲಾರಾ ಉಂಟಾ ಮಗ? ನಿನ್ ಮಿಶಿನ್ನು ಉಟ್ಟೋಕ್ ಮುಂಚಿಂದ ತವರ ಮುಟ್ಟಿವ್ನಿ ಕಣವ್ವ ನಾನು. ತಕ್ಕೋ, ನೀನೇ ಕೇಳು” ಎಂದು ಮೂಲೆಯಲ್ಲಿದ್ದ ಕಡ್ಡಿಯೊಂದನ್ನು ಎಳೆದುಕೊಂಡರು.

ತಮಗೆ ತಿಳಿದಿರಲಾರದು, ಹೇಳುತ್ತೇನೆ. ಅಪ್ಪಟ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಅದು ಚರಚರ ಎಂದು ಸಣ್ಣ ಸದ್ದು ಮಾಡುತ್ತದೆ. ಸೀಸ ಹೆಚ್ಚಾಗಿ ಬೆರೆತಿದ್ದರೆ ಮೂಕವಾಗಿ ಬಗ್ಗುತ್ತದೆ. ಮಾವ ಅದನ್ನು ತವರ ಅಳೋದು ಎನ್ನುತ್ತಾರೆ. ಅಂಗಡಿಯಲ್ಲಿ ಪ್ರತಿಯೊಂದು ಕಡ್ಡಿಯನ್ನೂ ಅಳಿಸಿ ನೋಡಿಯೇ ತರುತ್ತಾರೆ. ಈಗಲೂ ಕಡ್ಡಿಯನ್ನು ಕಿವಿಗೆ ಹಿಡಿದು ನಿಧಾನವಾಗಿ ಬಗ್ಗಿಸಿ, ಗೆದ್ದವರ ಹಾಗೆ ನನ್ನ ಕಡೆ ನೋಡಿ, “ಕೇಳುಸ್ತಾ? ಎಂಗ್ ಅಳ್ತಾ ಐತೆ ನೋಡು” ಎಂದರು.

ನನಗೆ ಏನೂ ಕೇಳಿಸಲಿಲ್ಲ. ಓಣಿಯ ಗದ್ದಲವೇನೋ ಎಂದು ಹತ್ತಿರ ಹೋಗಿ ಕಿವಿ ಕೊಟ್ಟೆ. ಇಲ್ಲ. ಆಗ ಬೆಟ್ಟಮ್ಮತ್ತೆ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, ಮಾವನ ಮಂಡಿ ಮುಟ್ಟಿ, ಮುಖಕ್ಕೆ ಮುಖ ಕೊಟ್ಟು ಹೇಳಿದರು: “ಅದು ಅಳ್ತಿಲ್ಲ ಕಣ್ರೀ. ನಿಮ್ಗೆ ಕಿವಿ ಕೇಳದೆ ಎರಡ್ ವರ್ಸ ಆಯ್ತು.”

ಮಾವ ಇನ್ನೊಂದು ಕಡ್ಡಿ ತೆಗೆದು ಬಗ್ಗಿಸಿದರು. ಮತ್ತೊಂದು. ಎಲ್ಲ ಬಗ್ಗಿದವು, ಒಂದೂ ಸದ್ದಿಲ್ಲ. ಎರಡು ವರ್ಷದಿಂದ ಅವರು ಕೇಳುತ್ತಿದ್ದದ್ದು ಹಳೆಯ ಕಡ್ಡಿಗಳ ನೆನಪನ್ನು. ಯಾರಿಗೂ ಹೇಳಿರಲಿಲ್ಲ, ಬಹುಶಃ ತಮಗೆ ತಾವೇ ಹೇಳಿಕೊಂಡಿರಲಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: “ಆ ಎಣ್ಮಕ್ಳು ಚೆನ್ನಾಗವ್ರಾ?”

ಇಷ್ಟು ತೋರಿಸಲು ತಮ್ಮಿಂದಾಯಿತೇ? ಲಕ್ಷ ಪಟ್ಟು ದೊಡ್ಡದು ಮಾಡಿ ತೋರಿಸಿದಿರಿ, ಆದರೆ ಈ ಸೀಸ ದುರಾಸೆಯಿಂದ ಬಂದದ್ದೋ ಕಿವುಡಿನಿಂದ ಬಂದದ್ದೋ ಎಂದು ಒಂದು ಗೆರೆ ಎಬ್ಬಿಸಲಿಲ್ಲ. ಇನ್ನು ಮುಂದೆ ಸಂಬಂಧಿಕರ ವಿಷಯದಲ್ಲಿ ನಿಜ ಹೇಳುವ ಮುಂಚೆ ದಯವಿಟ್ಟು ಒಮ್ಮೆ ಕೆಮ್ಮಬೇಕೆಂದು ಪ್ರಾರ್ಥನೆ. ಹಾಗೆಯೇ ತಮ್ಮನ್ನು ಕೊಂಡು ತಂದ ಖರೀದಿ ಸಮಿತಿಯ ಐವರು ಸದಸ್ಯರನ್ನೂ, ಸಾಧ್ಯವಾದರೆ ಚಿನ್ನ ಲೇಪಿಸದೆ, ಒಮ್ಮೆ ಒಳಗೆ ಕೂರಿಸಿಕೊಂಡು ಅವರಲ್ಲಿ ಎಷ್ಟು ಪಾಲು ಏನಿದೆ ಎಂದು ಊರಿಗೆ ತಿಳಿಸಬೇಕು. ತಮ್ಮೊಳಗಿನ ನಿರ್ವಾತದಲ್ಲಿ ಅವರು ಉಸಿರಾಡುವುದು ಕಷ್ಟವಾದೀತು; ಆದರೆ ಸಭೆಗಳಲ್ಲಿ ಅವರು ಮೂರು ಮೂರು ಗಂಟೆ ಅಲ್ಲಾಡದೆ ಕೂತಿರುವುದನ್ನು ನೋಡಿದವಳಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಮುಂದೆ ಆದದ್ದು ಇಷ್ಟು. ಗಿರಿಜಾಂಬಾ ಅವರು ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದರು. ಗಾಬರಿಪಡುವಂಥದ್ದೇನೂ ಇಲ್ಲ ಎಂದು ವೈದ್ಯರು ಹೇಳುವವರೆಗೆ, ಹನ್ನೊಂದು ದಿನ, ಆಕೆ ಕಾಫಿ ಮುಟ್ಟಲಿಲ್ಲ. ಮಾವ ಯಾರೂ ಕರೆಯದಿದ್ದರೂ ಹೋಗಿ ಇಪ್ಪತ್ತಮೂರು ಪಾತ್ರೆಗಳನ್ನೂ ಗಾಡಿಗೆ ಹೇರಿಸಿಕೊಂಡು ಬಂದು, ಹಳೆಯ ಕಲಾಯಿ ಕೆರೆದು, ಹೊಸ ತವರ ಹಾಕಿದರು. ಹೊಸ ಚೂರನ್ನು ತಮಗೆ ತೋರಿಸಿದಾಗ ತಾವು ಸೀಸದ ಗೆರೆ ಎಬ್ಬಿಸಲಿಲ್ಲ. ಅದಕ್ಕೆ ಧನ್ಯವಾದ ಹೇಳಬೇಕೆಂದು ಯಾರಾದರೂ ಒತ್ತಾಯಿಸಿದರೆ ಹೇಳುತ್ತೇನೆ. ಆದರೂ ಗಿರಿಜಾಂಬಾ ಅವರು ಸಾರು ಹುಳಿಗಳಿಗೆಲ್ಲ ಸ್ಟೀಲಿನ ಪಾತ್ರೆ ತರಿಸಿದರು, ಹಾಲಿಗೂ ಅನ್ನಕ್ಕೂ ಮಾತ್ರ ಹಿತ್ತಾಳೆ ಉಳಿಯಿತು. ಮಾವನ ಕೆಲಸ ಅರ್ಧವಾಯಿತು. ಶ್ರವಣಯಂತ್ರ ಹಾಕಿಸಿಕೊಳ್ಳಿ ಎಂದರೆ, ಇನ್ನೊಂದು ಮಿಶಿನ್ನಿನ ಸಾವಾಸ ಬ್ಯಾಡ ಬುಡವ್ವ ಎಂದರು.

ಈಗ ತವರ ಕೊಳ್ಳಲು ಗಂಡಹೆಂಡಿರಿಬ್ಬರೂ ಹೋಗುತ್ತಾರೆ. ಮಾವ ಕಡ್ಡಿಯನ್ನು ಬೆಟ್ಟಮ್ಮತ್ತೆಯ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ, ಆಕೆಯ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಅಂಗಡಿಯವನು ಬೇಗ ಹೇಳಮ್ಮ ಎಂದು ಅವಸರ ಮಾಡುತ್ತಾನೆ. ಅತ್ತೆ ಕಣ್ಣು ಮುಚ್ಚಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳುತ್ತಾರೆ. ಮದುವೆಯಾಗಿ ಮೂವತ್ತನಾಲ್ಕು ವರ್ಷಕ್ಕೆ ಮೊದಲ ಸಲ ತಮ್ಮ ಮಾತಿಗಾಗಿ ಗಂಡ ಕಾದು ನಿಂತಿರುವಾಗ, ಅದನ್ನು ಅಷ್ಟು ಬೇಗ ಮುಗಿಸಿಬಿಡಲು ಆಕೆಗೇನು ಹುಚ್ಚೇ?

ನಾಳೆ ಬೆಳಿಗ್ಗೆ ಒಂಬತ್ತೂವರೆಗೆ, ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಕುಸುಮ

ತಾ.ಕ.: ನಾಗಾರ್ಜುನ ಅವರ ಲೇಪನದ ಜಾಹೀರಾತು ಮೊನ್ನೆ ಪತ್ರಿಕೆಯಲ್ಲಿ ಬಂದಿದೆ. ಡಬ್ಬಿಯ ಪಕ್ಕದಲ್ಲಿ ತಮ್ಮ ಭಾವಚಿತ್ರ, ಕೆಳಗೆ ‘ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗಿದೆ’ ಎಂಬ ದಪ್ಪಕ್ಷರದ ಸಾಲು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ; ಅಳೆದದ್ದು ನಾನೇ. ನಿಜ ಹೇಳುವ ಕಲೆಯಲ್ಲಿ ತಮ್ಮನ್ನು ಮೀರಿಸಿದವರು ಈ ಊರಿನಲ್ಲೇ ಇದ್ದಾರೆ, ಹೋಗಿ ಕಲಿತು ಬನ್ನಿ.