ಕಿಸೆಯಲ್ಲಿದ್ದ ಫ್ಯೂಜು

ಕೆಲವರಿಗೆ ಹಾವಿನ ಭಯ, ಕೆಲವರಿಗೆ ಹೆಂಡತಿಯ ಭಯ. ನನಗೆ ಕರೆಂಟು ಮೀಟರಿನ ಕೆಂಪು ದೀಪದ ಭಯ. ಅದು ಮಿಟುಕಿದಾಗಲೆಲ್ಲ ಸರ್ಕಾರದ ಪುಕ್ಕಟೆ ಕರೆಂಟಿನ ಗೆರೆ ದಾಟಿಬಿಟ್ಟೆವೇನೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಈ ಭಯದಲ್ಲೇ ಕರೆಂಟಿನ ಒಲೆಯನ್ನು ಹೊತ್ತೊಯ್ದು ಗ್ಯಾರೇಜಿಗೆ ಹಾಕಿದೆ. ಆದರೂ ದೀಪ ಮಿಟುಕುತ್ತಲೇ ಇತ್ತು. ಅನುಮಾನ ಗ್ಯಾರೇಜಿನ ಶೆಟರ್ ಮೇಲೆ ಹೋಯಿತು. ಮೊಣಕಾಲು ನೋವೆಂದು ನಾನೇ ಹಾಕಿಸಿದ, ರಿಮೋಟು ಒತ್ತಿದರೆ ಏಳುವ ಶೆಟರ್ ಅದು. ರಿಮೋಟಿನ ಕರೆಗೆ ಕಿವಿಗೊಟ್ಟು ಹಗಲಿರುಳೂ ಎಚ್ಚರವಾಗಿರುತ್ತದಂತೆ. ಎಚ್ಚರವಿದ್ದ ಮೇಲೆ ಕರೆಂಟು ತಿನ್ನದೆ ಇರುತ್ತದೆಯೇ? ಒಂದು ಮುಂಜಾನೆ ಪಡಸಾಲೆಯ ಬೋರ್ಡಿನಿಂದ ಅದರ ಫ್ಯೂಜು ಕಿತ್ತು, ಹೆಂಡತಿ ಮತ್ತೆ ಹಾಕಿಬಿಟ್ಟಾಳೆಂದು ಕಿಸೆಯಲ್ಲಿಟ್ಟುಕೊಂಡೆ.

ಆಗ ನಿಪ್ಪಾಣಿಯ ನಮ್ಮ ಮನೆಗೆ ಕಾಗವಾಡದಿಂದ ಆತ್ಯಾ ಬಂದಿದ್ದರು. ನನ್ನ ತಂದೆಯ ತಂಗಿ, ಎಂಬತ್ತು ದಾಟಿದವರು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕು. ಆತ್ಯಾ ಇನ್ನೂ ಬಿಗಿ: ದಿನಕ್ಕೆ ಒಂದೇ ಊಟ. ಆ ದಿನ ಬಸದಿಯ ಪೂಜೆ ಮುಗಿಸಿ ಬರುವಷ್ಟರಲ್ಲಿ ಐದು ದಾಟಿತ್ತು. ಬಂದವರೇ ಪಡಸಾಲೆಯಲ್ಲಿ, ಸರಿಯಾಗಿ ಬೋರ್ಡಿನ ಕೆಳಗೆ ಕುಳಿತರು.

"ಏನ್ರಿ, ಅಕ್ಕಿ ಅರ್ಧ ಬೆಂದಾವು, ಗ್ಯಾಸ್ ಮುಗೀತ್ರಿ! ಇನ್ನೊಂದ್ ಸಿಲಿಂಡರ್ ಗ್ಯಾರೇಜಿನಾಗ ಐತಿ, ಲಗೂನ ಶೆಟರ್ ತಗೀರಿ" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ಸಿಲಿಂಡರ್ ಒಳಗೆ, ಕರೆಂಟಿನ ಒಲೆ ಒಳಗೆ, ಕೈಯಿಂದ ಎತ್ತುವ ಸರಪಳಿಯೂ ಒಳಗೆ. ಪಕ್ಕದ ಮನೆಯವರು ಬೀಗ ಹಾಕಿ ಯಡೂರಿಗೆ ಹೋಗಿದ್ದರು. ಸತ್ಯ ಹೇಳಿದರೆ ಮರ್ಯಾದೆ ಹೋಗುತ್ತದೆ. ಸುಮ್ಮನೆ ರಿಮೋಟು ಒತ್ತಿ, "ರಿಮೋಟಿನ ಶೆಲ್ ಹೋಗಿರಬೇಕು" ಅಂದೆ. ಹೆಂಡತಿ ಗಡಿಯಾರದ ಶೆಲ್ ಕಿತ್ತು ತಂದು ಹಾಕಿದಳು. ಶೆಟರ್ ಅಲುಗಲಿಲ್ಲ. ಶೆಟರ್ ಕೂಡಿಸಿದ್ದ ಕೊಗನೊಳ್ಳಿಯ ಮಿಸ್ತ್ರಿಗೆ ಅವಳು ಫೋನು ಹಚ್ಚಿದಳು.

"ಮನ್ಯಾಗ ಹಿರ್ಯಾರು ಉಪಾಸ ಕುಂತಾರ, ನಿಮ್ಮ ಮಷೀನ್ ದಗಾ ಕೊಟ್ಟೈತಿ!" ಎಂದು ಬಯ್ದಳು. ಪಾಪದ ಮಿಸ್ತ್ರಿ ಬಯ್ಯಿಸಿಕೊಂಡು, "ಕರೆಂಟ್ ಬರಾಕತ್ತೈತೇನ್ ನೋಡ್ರಿ ವೈನಿ" ಅಂದ. ಹೆಂಡತಿ ನನ್ನತ್ತ ತಿರುಗಿದಳು. ನಾನು ಆಕಾಶ ನೋಡಿದೆ. ಸೂರ್ಯ ಎದುರು ಮನೆಯ ನೀರಿನ ಟಾಕಿಗೆ ತಾಗಿದ್ದ. ಆತ್ಯಾ ಕಣ್ಣು ಮುಚ್ಚಿ ಜಪ ಎಣಿಸುತ್ತಿದ್ದರು. ಒಣಗಿದ ತುಟಿ ಮಾತ್ರ ಅಲುಗುತ್ತಿತ್ತು. ಅದನ್ನು ನೋಡಲಾಗಲಿಲ್ಲ. ನನ್ನ ಮೇಲೇ ನನಗೆ ಹೇಸಿಗೆ ಬಂತು.

"ಆತ್ಯಾ, ಜರಾ ಸರೀರಿ" ಎಂದು ಕಿಸೆಯಿಂದ ಫ್ಯೂಜು ತೆಗೆದೆ. "ನಾನ ತಗದಿದ್ನಿ."

ಆತ್ಯಾ ಕಣ್ಣು ಬಿಟ್ಟರು. "ಮುಂಜಾನೆ ನೀ ಕಿಸೇದಾಗ ಇಟ್ಕೊಂಡಿದ್ದು ನೋಡೇನಿ ತಮ್ಮಾ. ನಿನ್ನ ಬಾಯಿಂದನ ಬರ್ಲಿ ಅಂತ ಕುಂತಿದ್ನಿ."

"ಬರದಿದ್ರ?"

"ನಾಳಿ ಉಣ್ತಿದ್ನಿ."

ಶೆಟರ್ ಎದ್ದಿತು, ಅಕ್ಕಿ ಬೆಂದಿತು. ಬೆಳಕು ಇನ್ನೂ ಇರುವಾಗಲೇ ಆತ್ಯಾ ಕೊನೆಯ ತುತ್ತು ಉಂಡು ಕೈ ತೊಳೆದರು. ಮಿಸ್ತ್ರಿಗೆ ಮತ್ತೆ ಫೋನು ಮಾಡಿ ತಪ್ಪಾಯಿತು ಎನ್ನುವ ಕೆಲಸ ನನ್ನ ಪಾಲಿಗೆ ಬಂತು.

ಫ್ಯೂಜು ಕಿತ್ತ ಮೇಲೂ ಮೀಟರು ಮಿಟುಕುತ್ತಲೇ ಇತ್ತೆಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮರುದಿನ ಹಾಸಿಗೆ ಝಾಡಿಸುವಾಗ ಹೆಂಡತಿಗೆ ಕಳ್ಳ ಸಿಕ್ಕ: ಮೊಣಕಾಲಿಗೆಂದು ನಾನು ತಂದ, ಬಟನ್ ಆರಿಸಲು ಎಂದೂ ನೆನಪಾಗದ, ಕರೆಂಟಿನ ಶಾಖದ ಚೀಲ.

ಊರಿಗೆ ಹೊರಟ ಆತ್ಯಾರ ಕಾಲಿಗೆ ಬಿದ್ದೆ. ಆಶೀರ್ವಾದಕ್ಕೆ ಎದ್ದ ಕೈ ತಲೆಗೆ ಬರುವ ಮೊದಲು ನನ್ನ ಕಿಸೆ ತಟ್ಟಿ ನೋಡಿತು.