ಚಿತ್ತೇಶನ ಮಾಂಸ ಪರೀಕ್ಷೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹಂದಿ ಮಾಂಸದ ಗುಣ ಅಳೆಯಬಲ್ಲ ಗಂಡಸು ಅಂತ ಒಬ್ಬನಿದ್ದರೆ ಅದು ತಾನೇ ಎಂದು ಚಿತ್ತೇಶ್ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ತೀರ್ಮಾನಿಸಿಬಿಟ್ಟ. ಬಾಯಿ ಮುಕ್ಕಳಿಸಿ ಉಗಿದವನೇ ತೀರ್ಪನ್ನು ಹೆಂಡತಿಗೂ ತಿಳಿಸಿದ.

"ನೋಡ್ತಿರು ಮಂಜಿ, ಈ ಭಾನುವಾರದೊಳಗೆ ನನ್ನ ಹಂದೀನೇ ಮೇಲು ಅಂತ ತೂಕ ಹಾಕಿ ತೋರಿಸ್ತೀನಿ."

"ಮೊದ್ಲು ನಿಮ್ಮ ಹಂದಿ ಮೇವು ತಿನ್ಲಿ. ನಿಮ್ಮ ದನಿ ಕೇಳಿದ್ರೆ ಸಾಕು, ಮೂಲೆ ಸೇರ್ಕತೈತೆ" ಎಂದಳು ಮಂಜಮ್ಮ, ರಾಗಿ ತೌಡು ಕಲಸುತ್ತಾ.

ಹುಳಿಯಾರು ರಸ್ತೆಯ ಆ ಹಟ್ಟಿಯಲ್ಲಿ ಚಿತ್ತೇಶನ ಹಿರಿಯರೆಲ್ಲ ಕುರಿ ಕಾಯ್ದವರು. ಅವನ ಕಾಲಕ್ಕೆ ಕುರಿ ಕಡಿಮೆಯಾಗಿ ತೆಂಗು ಹೆಚ್ಚಾಯಿತು. ತೆಂಗೊಂದೇ ಸಾಲದೆಂದು ತೋಟದ ಕೊನೆಯಲ್ಲಿ ಹಂದಿ ಗೂಡು ಎದ್ದಿತು. ಗೂಡಿಗೆ ಎರಡು ಕೋಣೆ. ಒಂದರ ಹಂದಿಗಳು ಗಂಡನವು, ಇನ್ನೊಂದರವು ಹೆಂಡತಿಯವು. ಹೀಗೆ ಪಾಲು ಮಾಡಿಕೊಂಡದ್ದೇ ಜಗಳ ಬೇಡವೆಂದು. ಆಮೇಲೆ ಜಗಳಕ್ಕೆ ಬಿಡುವೇ ಇಲ್ಲದಂತಾಯಿತು.

ಚಿತ್ತೇಶನದು ಶಾಸ್ತ್ರೋಕ್ತ ಸಾಕಾಣಿಕೆ. ಬೆಳಿಗ್ಗೆ ಸಂಜೆ ಟೇಪು ಹಿಡಿದು ಹಂದಿಗಳನ್ನು ಅಟ್ಟಾಡಿಸಿ ಎದೆಯ ಸುತ್ತಳತೆ ತೆಗೆಯುತ್ತಿದ್ದ. ಮೈ ತುಂಬದ ಹಂದಿಯನ್ನು ಅಲ್ಲೇ ನಿಲ್ಲಿಸಿ ಬುದ್ಧಿ ಹೇಳುತ್ತಿದ್ದ. ಅವನ ಗಂಟಲು ಮೊದಲೇ ಮೈಕು ಬೇಡದ ಗಂಟಲು. ಬುದ್ಧಿಮಾತು ಶುರುವಾದರೆ ತೆಂಗಿನ ಮರದ ಗಿಳಿಗಳೂ ಪಕ್ಕದ ತೋಟಕ್ಕೆ ಹಾರುತ್ತಿದ್ದವು! ಮಂಜಮ್ಮನಿಗೆ ಶಾಸ್ತ್ರ ಗೀಸ್ತ್ರ ಏನೂ ಇಲ್ಲ. ತೌಡು, ಕಾಯಿ ಹಿಂಡಿ, ಮನೆಯಲ್ಲಿ ಮಿಕ್ಕ ಸೊಪ್ಪು ಹಾಕಿ, ತೆಂಗಿನ ಸಿಪ್ಪೆಯಲ್ಲಿ ಬೆನ್ನು ಕೆರೆದು, ಪಕ್ಕದಲ್ಲೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳ ಹಂದಿಗಳು ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತಿದ್ದವು.

"ನಿನ್ನವು ಬರೀ ಸೋಮಾರಿಗಳು ಕಣೇ."

"ಆಗ್ಲಿ ಬುಡಿ. ಅವೇನು ಪೊಲೀಸ್ ಕೆಲಸಕ್ಕೆ ಓಡ್ಬೇಕಾ?"

ಇಷ್ಟರಲ್ಲಿ ತಿಪಟೂರು ದಾರಿಯಲ್ಲಿ ಮಿಲಿಟರಿ ಹೋಟೆಲು ನಡೆಸುವ ಮಾರಯ್ಯ, ಮಾಂಸ ಚೆನ್ನಾಗಿದ್ದರೆ ಇನ್ನು ಕಾಯಂ ನಿಮ್ಮಲ್ಲೇ ಕೊಳ್ಳುತ್ತೇನೆ ಎಂದು ಹೇಳಿಕಳಿಸಿದ. ವ್ಯವಹಾರ ಯಾರ ಜೊತೆ ಎಂದೂ ಕೇಳಿದ. "ನನ್ನ ಜೊತೆ" ಎಂದು ಗಂಡ ಹೆಂಡತಿ ಒಟ್ಟಿಗೇ ಹೇಳಿದರು. ಇಬ್ಬರ ಕೂಗಾಟ ಕೇಳಲಾರದೆ ಚಿತ್ತೇಶನ ತಾಯಿ ಮುದ್ದಕ್ಕ ಪಂಚಾಯ್ತಿಗೆ ಕೂತಳು.

"ಯಾರ ಮಾಂಸ ಗೆಲ್ತೈತೋ ಅವ್ರೇ ಗೂಡಿನ ಯಜಮಾನ್ರು. ಸೋತೋರು ದಿನಾ ಗೂಡು ತೊಳೀಬೇಕು. ಇನ್ನು ಬಾಯಿ ಮುಚ್ಕಳ್ರಿ."

ಚಿತ್ತೇಶ್ ಅಂದೇ ಮನಸ್ಸಿನಲ್ಲಿ ಯಜಮಾನನಾಗಿಬಿಟ್ಟ. ಕಾರಣವಿತ್ತು. ಪಶುವೈದ್ಯ ಜ್ಞಾನೇಶ್ ನಡೆಸಿದ ತರಬೇತಿಗೆ ಹಟ್ಟಿಯಿಂದ ಹೋಗಿದ್ದವನು ಅವನೊಬ್ಬನೇ. ಡಾಕ್ಟರು ಹೇಳಿದ್ದರು: ಮಾಂಸದ ತುಂಡನ್ನು ತೂಗಿ, ಗಾಳಿ ತುಂಬಿದ ಚೀಲದೊಳಗೆ ಎಲ್ಲೂ ತಾಕದಂತೆ ದಾರದಲ್ಲಿ ನೇತು ಹಾಕಿ, ಒಂದು ಹಗಲು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮತ್ತೆ ತೂಗಬೇಕು. ಎಷ್ಟು ನೀರು ಇಳಿದಿದೆ ಎಂಬುದರ ಮೇಲೆ ಮಾಂಸದ ಗುಣ ಗೊತ್ತಾಗುತ್ತದೆ. ಅಷ್ಟು ಹೇಳುವ ಹೊತ್ತಿಗೆ ಚಿತ್ತೇಶನಿಗೆ ತಿಪಟೂರಿನ ಮಂಡಿಯಿಂದ ಫೋನು ಬಂತು. ಕೊಬ್ಬರಿ ರೇಟು ಕೇಳಿಕೊಂಡು ಒಳಗೆ ಬಂದರೆ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಮುಂದಿನದನ್ನು ಅವನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಅಟ್ಟದ ಮೇಲೆ ವರ್ಷಗಟ್ಟಲೆ ಕಾಯಿ ಒಣಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರು ಪೂರ್ತಿ ಇಂಗಿ ಒಳಗೆ ಕೊಬ್ಬರಿ ಗಡಗಡ ಅಂದರೆ ಮೀಸೆ ತಿರುವುವ ಸೀಮೆಯವನು ಅವನು. ನೀರು ಹೋದಷ್ಟೂ ಮಾಲು ಒಳ್ಳೆಯದು ಎಂಬುದನ್ನು ಅವನಿಗೆ ಇನ್ನೊಬ್ಬರು ಹೇಳಿಕೊಡಬೇಕೆ?

ಶುಕ್ರವಾರ ಇಬ್ಬರ ಕೋಣೆಯಿಂದ ಒಂದೊಂದು ಹಂದಿ ಕಟುಕನಲ್ಲಿಗೆ ಹೊರಟಿತು. ಮಂಜಮ್ಮ ತನ್ನದಕ್ಕೆ ಒಂದು ಹಿಡಿ ಹಿಂಡಿ ತೋರಿಸಿದಳು. ಅದು ಗಾಡಿ ಹತ್ತಿತು. ಚಿತ್ತೇಶ್ ಕೊನೆಯ ಅಳತೆ ತೆಗೆಯಲು ಹೋಗಿ ತೋಟವೆಲ್ಲ ಅಟ್ಟಾಡಿಸಿದ. ಕೈಗೆ ಸಿಕ್ಕಿದ ಮೇಲೆ ಅದರ ಕಿವಿಯಲ್ಲೇ ಕೂಗಿದ:

"ನನ್ನ ಮಾನ ನಿನ್ನ ಕೈಲೈತೆ, ತಿಳ್ಕಾ!"

ಹಂದಿ ನಡುಗುತ್ತಲೇ ಗಾಡಿ ಹತ್ತಿತು.

ಮಧ್ಯಾಹ್ನ ಚಿತ್ತೇಶ್ ಎರಡೂ ಹಂದಿಗಳ ಬೆನ್ನಿನ ಮಾಂಸದಲ್ಲಿ ಒಂದೊಂದು ತುಂಡು ಹಿಡಿದು ಬಂದರೆ ಮುದ್ದಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹಾಲು ಬೆಣ್ಣೆ ಇರೋ ಮನೆ ಕಣ್ಲಾ. ಆ ಮಾಂಸ ಹೊಸ್ತಿಲು ದಾಟಿ ಒಳಕ್ಕೆ ಬಂದ್ರೆ, ನಾನು ಹೊಸ್ತಿಲು ದಾಟಿ ಆಚೆಗೆ ಹೋಯ್ತೀನಿ."

ಚಿತ್ತೇಶ್ ತಾಯಿಯ ಮಾತು ಮೀರುವ ಮಗನಲ್ಲ. ಮಾಂಸ ತಾನೇ ಹೊಸ್ತಿಲು ದಾಟಬಾರದು? ಫ್ರಿಜ್ಜು ದಾಟಬಹುದಲ್ಲ! ಇಬ್ಬರು ಆಳುಗಳನ್ನು ಕರೆದು ಫ್ರಿಜ್ಜನ್ನೇ ಜಗಲಿಗೆ ಎಳೆಸಿದ. ಬರುವಾಗ ಅದು ಬಾಗಿಲ ಚೌಕಟ್ಟಿನ ಒಂದು ಚೂರನ್ನು ಕಿತ್ತುಕೊಂಡೇ ಬಂತು. ಒಳಗೆ ಮರೆತಿದ್ದ ಮೊಸರಿನ ಪಾತ್ರೆ ಮಗುಚಿ ಜಗಲಿಗೆಲ್ಲ ಅಭಿಷೇಕವಾಯಿತು. ಫ್ರಿಜ್ಜಿಗೆ ಕರೆಂಟು ಕೊಡಲು ಟಿವಿಯ ಪ್ಲಗ್ಗನ್ನೇ ಕಿತ್ತಿದ್ದರಿಂದ ಮುದ್ದಕ್ಕನ ಧಾರಾವಾಹಿ, ಸೊಸೆ ಮನೆ ಬಿಟ್ಟು ಹೋಗುವ ಜಾಗಕ್ಕೇ ನಿಂತುಹೋಯಿತು.

"ಅವಳು ಹೋದ್ಲೋ ಇಲ್ವೋ ಅಂತಾದ್ರೂ ಹೇಳ್ಲಾ" ಎಂದು ಮುದ್ದಕ್ಕ ಒಳಗಿನಿಂದ ಗೋಳಾಡಿದಳು. ವಿಜ್ಞಾನಿಗೆ ಕೇಳಿಸಲಿಲ್ಲ. ಅವನು ಕೆನ್ನೆ ಉಬ್ಬಿಸಿ ಚೀಲಕ್ಕೆ ಗಾಳಿ ಊದುತ್ತಿದ್ದ.

ಗ್ರಾಂ ತೋರಿಸುವ ತಕ್ಕಡಿಯಲ್ಲಿ ಎರಡು ತುಂಡನ್ನೂ ನೂರು ಗ್ರಾಮಿಗೆ ಸರಿಮಾಡಿದ. ತನ್ನದಕ್ಕೆ ಬಿಳಿ ದಾರ, ಹೆಂಡತಿಯದಕ್ಕೆ ಕೆಂಪು ದಾರ. ಜಗಲಿಯ ಮೇಲೆ ಫ್ರಿಜ್ಜು, ಫ್ರಿಜ್ಜಿನೊಳಗೆ ಬಲೂನು, ಬಲೂನಿನೊಳಗೆ ಹಂದಿ ಮಾಂಸ ಎಂಬ ಸುದ್ದಿ ಹಬ್ಬಿ, ಮಾರನೆಯ ದಿನ ಹಟ್ಟಿಯೆಲ್ಲ ಅಂಗಳದಲ್ಲಿ ನೆರೆಯಿತು. ಹೇಳಿಕಳಿಸಿದ್ದಕ್ಕೆ ಮಾರಯ್ಯನೂ ಬಂದ. ಇಷ್ಟು ಜನ ತನ್ನ ಮದುವೆಗೂ ಬಂದಿರಲಿಲ್ಲ ಎಂದು ಚಿತ್ತೇಶನ ಎದೆ ಉಬ್ಬಿತು.

ಫ್ರಿಜ್ಜು ತೆಗೆದ. ಬಿಳಿ ದಾರದ ಚೀಲವನ್ನು ಹೊರಗೆ ತಂದವನೇ ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಏನಂತೈತಪ್ಪಾ?" ಎಂದ ಮಾರಯ್ಯ.

"ಗೆದ್ದೆ ಅಂತೈತೆ!" ಎಂದ ಚಿತ್ತೇಶ್. ಅವನ ಚೀಲದ ತಳದಲ್ಲಿ ಕೆಂಪು ನೀರು ಚೆನ್ನಾಗಿ ನಿಂತಿತ್ತು. ಮಂಜಮ್ಮನದರಲ್ಲಿ ಬರೀ ಒಂದೆರಡು ತೊಟ್ಟು. ತೂಗಿದರೆ ಅವಳ ತುಂಡು ತೊಂಬತ್ತೆಂಟು, ಅವನದು ತೊಂಬತ್ತೊಂದು. ಮಂಜಮ್ಮನ ಮುಖ ಸಣ್ಣದಾಯಿತು. ಅವಳು ಸುಮ್ಮನೆ ಪೊರಕೆ ಇಟ್ಟಿದ್ದ ಮೂಲೆಯ ಕಡೆ ನೋಡಿದಳು. ಗೆಲುವು ಊರಿಗೆಲ್ಲ ಕೇಳಲೆಂದು ಚಿತ್ತೇಶ್ ಜ್ಞಾನೇಶ್ ಡಾಕ್ಟರಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಕೈ ಮೇಲೆತ್ತಿ ಹಿಡಿದ.

"ಸಾರ್, ನೀವು ಹೇಳಿದ ಪರೀಕ್ಷೆ ಮಾಡ್ದೆ. ನೂರು ಗ್ರಾಮಿಗೆ ಒಂದು ತುಂಡು ಎರಡೇ ಗ್ರಾಂ ಇಳಿದೈತೆ. ಇನ್ನೊಂದು ಒಂಬತ್ತು. ಒಂಬತ್ತು ಸಾರ್, ನಂದು!"

ಡಾಕ್ಟರ ದನಿ ಅಂಗಳಕ್ಕೆಲ್ಲ ಕೇಳಿಸಿತು.

"ಒಂಬತ್ತಾ? ಬೇಜಾರು ಮಾಡ್ಕೋಬೇಡಿ ಚಿತ್ತೇಶ್. ಕೆಲವು ಸಲ ಹಾಗಾಗುತ್ತೆ. ಆ ಎರಡು ಗ್ರಾಂ ಇಳಿದಿದೆಯಲ್ಲ, ಅದು ಒಳ್ಳೆ ಮಾಂಸ ನೋಡಿ."

"ಸಾರ್, ನೀರು ಹೋದಷ್ಟೂ ಒಳ್ಳೇದಲ್ವಾ?"

"ಅದು ನಿಮ್ಮ ಕೊಬ್ಬರಿಗೆ ಕಣ್ರೀ. ಮಾಂಸದಲ್ಲಿ ನೀರು ಒಳಗೇ ನಿಲ್ಲಬೇಕು. ಹರಿದುಹೋದ್ರೆ ತೂಕವೂ ಇಲ್ಲ, ರುಚಿಯೂ ಇಲ್ಲ. ಕೊಯ್ಯೋ ಮುಂಚೆ ಹಂದಿ ಗಾಬರಿಯಾದ್ರೆ ಹೀಗಾಗುತ್ತೆ. ಯಾರಾದ್ರೂ ಅದನ್ನ ಅಟ್ಟಾಡಿಸಿ, ಕೂಗಾಡಿ, ಹೆದರಿಸಿದ್ರಾ?"

ಇಡೀ ಹಟ್ಟಿ ಚಿತ್ತೇಶನ ಕಡೆ ತಿರುಗಿತು. ಮೇಲೆತ್ತಿದ ಕೈ ಇಳಿಸುವುದೋ ಬೇಡವೋ ಅವನಿಗೆ ತಿಳಿಯಲಿಲ್ಲ. ಧಾರಾವಾಹಿಯ ಸಿಟ್ಟು ಇನ್ನೂ ಆರದಿದ್ದ ಮುದ್ದಕ್ಕ ಹೊಸ್ತಿಲ ಒಳಗಿನಿಂದಲೇ ಉತ್ತರ ಕೊಟ್ಟಳು.

"ಹೆದರಿಸಲಿಲ್ಲ ಸ್ವಾಮಿ. ಬುದ್ಧಿ ಹೇಳ್ದ, ಅಷ್ಟೇಯ."

ಅಂಗಳ ಬಿದ್ದು ಬಿದ್ದು ನಕ್ಕಿತು. ಚಿತ್ತೇಶನ ಕಿವಿ ಬಿಸಿಯಾಯಿತು. ಆದರೆ ಅವನು ಹೆಮ್ಮೆಯಿಲ್ಲದೆ ಒಂದು ಗಳಿಗೆಯೂ ಬದುಕಿದವನಲ್ಲ. ತನ್ನ ಹೆಮ್ಮೆ ಮುಗಿದರೇನು, ಪಕ್ಕದಲ್ಲೇ ಇನ್ನೊಂದು ಸಿದ್ಧವಾಗಿತ್ತಲ್ಲ. ಹೆಂಡತಿಯ ಸಣ್ಣ ಮುಖ ಮೆಲ್ಲಗೆ ಅರಳುವುದನ್ನು ನೋಡಿ ಅವನಿಗೆ ನಿಜಕ್ಕೂ ಸಂತೋಷವಾಯಿತು.

"ಕೇಳಿದ್ರಾ ಮಾರಯ್ಯನೋರೆ, ಎರಡೇ ಗ್ರಾಂ! ಯಾರು ಸಾಕಿದ್ದು? ನನ್ನ ಹೆಂಡ್ತಿ ಸಾಕಿದ್ದು. ವ್ಯವಹಾರ ಎಲ್ಲಾ ಅವಳ ಹತ್ರ ಮಾತಾಡಿ, ಅವಳೇ ಯಜಮಾನಿ."

ಪಂಚೆ ಮೇಲೆತ್ತಿ ಕಟ್ಟಿ, ಪೊರಕೆ ಬಕೆಟ್ಟು ಹಿಡಿದು ಎಲ್ಲರಿಗೂ ಕೇಳುವಂತೆ ಮತ್ತೆ ಗಂಟಲು ಏರಿಸಿದ.

"ನೋಡ್ತಿರಿ, ಈ ತಾಲ್ಲೂಕಿನಲ್ಲಿ ಇನ್ಯಾರೂ ತೊಳೆದಿರಬಾರ್ದು, ಹಂಗೆ ತೊಳೀತೀನಿ ಗೂಡ."

"ತೊಳೀರಿ" ಎಂದಳು ಯಜಮಾನಿ, ಮಾರಯ್ಯನಿಗೆ ಚಾಪೆ ಹಾಸುತ್ತಾ. "ಆದ್ರೆ ನನ್ನ ಹಂದಿಗಳ ಮುಂದೆ ಮಾತ್ರ ಬಾಯಿ ಬಿಡಬ್ಯಾಡಿ."